ಪ್ರೋಬಯಾಟಿಕ್‌ನಲ್ಲಿ ಆ್ಯಂಟಿಬಯಾಟಿಕ್ ಪ್ರತಿರೋಧ: ಜೀನ್ ಇದೆಯಾ ಅಂತಲ್ಲ, ಎಲ್ಲಿದೆ ಅಂತ ಕೇಳಿ

ಮೆಡಿಕಲ್ ಶಾಪಿನಲ್ಲಿ ಕೆಲವು ಆ್ಯಂಟಿಬಯಾಟಿಕ್‌ಗಳ ಹೆಸರಿನ ಕೊನೆಗೆ 'ಎಲ್‌ಬಿ' ಅಂತ ಇರುವುದನ್ನು ನೀವೂ ನೋಡಿರುತ್ತೀರಿ. ಎಲ್‌ಬಿ ಅಂದರೆ ಲ್ಯಾಕ್ಟೋಬ್ಯಾಸಿಲಸ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ಹೊಟ್ಟೆಗೆ ಒಳ್ಳೆಯದೆಂದು ಕೊಡುವ ಬ್ಯಾಕ್ಟೀರಿಯಾ (ಇದೇ ಪ್ರೋಬಯಾಟಿಕ್), ಎರಡೂ ಒಂದೇ ಗುಳಿಗೆಯಲ್ಲಿ! ಹುಲಿಯನ್ನೂ ಹಸುವನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ. ಮೊದಲ ಸಲ ನೋಡಿದಾಗ ನನಗೆ ಹೊಳೆದ ಪ್ರಶ್ನೆ ತೀರಾ ಸರಳ: ಆ ಹಸು ಸಾಯುವುದಿಲ್ವಾ?

ಉಳಿಯಲು ಎರಡು ದಾರಿ ಇವೆ. ಒಂದು ನಿದ್ದೆ. ಈ ಗುಳಿಗೆಗಳಲ್ಲಿ ಹೆಚ್ಚಾಗಿ ಇರುವುದು 'ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನ್ಸ್'. ಇದು ಹಳೆಯ ತಪ್ಪು ಹೆಸರು, ನಿಜಕ್ಕೂ ಅದು ಬ್ಯಾಸಿಲಸ್ ಕೊಯಾಗ್ಯುಲನ್ಸ್. ಇದು ಸ್ಪೋರ್ ಕಟ್ಟುತ್ತದೆ, ಅಂದರೆ ಗಟ್ಟಿ ಕವಚದೊಳಗೆ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ. ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬೆಳೆಯುತ್ತಾ ಗೋಡೆ ಕಟ್ಟುತ್ತಿರುವ ಕೋಶದ ಮೇಲೆ, ಮಲಗಿರುವ ಸ್ಪೋರ್‌ನ ತಂಟೆಗೆ ಅದು ಹೋಗುವುದಿಲ್ಲ. ಆದರೆ ಸ್ಪೋರ್ ಕರುಳಿನಲ್ಲಿ ಎದ್ದ ಮೇಲೆ? ಆಗ ಬೇಕಾಗುವುದು ಎರಡನೆಯ ದಾರಿ, ಪ್ರತಿರೋಧ. ಅಂದರೆ ಆಸ್ಪತ್ರೆಗಳಲ್ಲಿ ನಮ್ಮನ್ನು ಹೆದರಿಸುವ ಅದೇ ಗುಣ. ಗೊಂದಲ ಶುರುವಾಗುವುದೇ ಇಲ್ಲಿ.

ಹುಟ್ಟಿನಿಂದ ಬಂದದ್ದು

ವ್ಯಾಂಕೊಮೈಸಿನ್‌ನಿಂದ ಶುರು ಮಾಡೋಣ, ಅದೂ ಒಂದು ಆ್ಯಂಟಿಬಯಾಟಿಕ್. ಇದೊಂದು ಅರ್ಥವಾದರೆ ಉಳಿದದ್ದು ಸುಲಭ.

ಬ್ಯಾಕ್ಟೀರಿಯಾ ತನ್ನ ಗೋಡೆಗೆ ಪೆಪ್ಟಿಡೋಗ್ಲೈಕಾನ್ ಎಂಬ ಬಲೆ ಹೆಣೆಯುತ್ತದೆ. ಹೆಣೆಯುವ ದಾರದ ತುದಿಯಲ್ಲಿ ಸಾಮಾನ್ಯವಾಗಿ ಎರಡು ಡಿ-ಅಲನಿನ್ (ಒಂದು ಬಗೆಯ ಅಮೈನೊ ಆಮ್ಲ) ಇರುತ್ತವೆ. ವ್ಯಾಂಕೊಮೈಸಿನ್ ಆ ತುದಿಯನ್ನು ಐದು ಹೈಡ್ರೋಜನ್ ಬಂಧಗಳಿಂದ ಕಚ್ಚಿ ಹಿಡಿಯುತ್ತದೆ. ಹೆಣಿಗೆ ನಿಂತುಹೋಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್‌ನಂಥವು ಕೊನೆಯ ಅಲನಿನ್ ಜಾಗದಲ್ಲಿ ಡಿ-ಲ್ಯಾಕ್ಟೇಟ್ ಇಡುತ್ತವೆ. ಒಂದೇ ಒಂದು ಬಂಧ ತಪ್ಪುತ್ತದೆ, ಹಿಡಿತ ಸುಮಾರು 1000 ಪಟ್ಟು ಸಡಿಲವಾಗುತ್ತದೆ. ಇದಕ್ಕೆ ಯಾರಿಂದಲೂ ಜೀನ್ ಎರವಲು ಪಡೆಯಬೇಕಿಲ್ಲ, ಅವುಗಳ ಗೋಡೆ ಕಟ್ಟುವ ರೀತಿಯೇ ಹಾಗೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಕೂಡ ಇದೇ ಜಾತಿಯ ಗೋಡೆಯದು. ವ್ಯಾಂಕೊಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನು ನಮ್ಮ ಅಜ್ಜಿಯರು ರುಬ್ಬುಗುಂಡಿನ ಕಾಲದಿಂದ ಸಾಕುತ್ತಾ ಬಂದಿದ್ದಾರೆ ಅಂತಾಯಿತು. ಎಲ್ಲ ಲ್ಯಾಕ್ಟೋಬ್ಯಾಸಿಲಸ್‌ಗಳೂ ಹೀಗೆ ಅಂದುಕೊಳ್ಳಬೇಡಿ. ಅಸಿಡೋಫಿಲಸ್, ಮೊಸರಿನ ಬಲ್ಗೇರಿಕಸ್ ಎರಡೂ ವ್ಯಾಂಕೊಮೈಸಿನ್‌ಗೆ ಬಗ್ಗುತ್ತವೆ.

ಈಗ ಪರೀಕ್ಷೆಯಲ್ಲಿ ಎಡವುವ ಜಾಗ. ಆಸ್ಪತ್ರೆಗಳ ತಲೆನೋವಾದ ವ್ಯಾಂಕೊಮೈಸಿನ್ ನಿರೋಧಕ ಎಂಟೆರೋಕಾಕಸ್ ಮಾಡುವುದೂ ಇದೇ ಉಪಾಯ, ಅದೇ ಡಿ-ಲ್ಯಾಕ್ಟೇಟ್! ಹಾಗಾದರೆ ವ್ಯತ್ಯಾಸ ಏನು? ವಿಳಾಸ. ಎಂಟೆರೋಕಾಕಸ್‌ನಲ್ಲಿ ವ್ಯಾನ್-ಎ ಜೀನ್‌ಗಳ ಗುಂಪು 'ಟಿಎನ್ 1546' ಎಂಬ ಜಿಗಿಯುವ ಡಿಎನ್‌ಎ ತುಂಡಿನ ಮೇಲೆ ಕೂತಿರುತ್ತದೆ. ಎಷ್ಟೋ ಸಲ ಆ ತುಂಡು ಪ್ಲಾಸ್ಮಿಡ್ಡಿನಲ್ಲಿ, ಅಂದರೆ ಮುಖ್ಯ ಡಿಎನ್‌ಎಯಾದ ಕ್ರೋಮೋಸೋಮಿನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರದಲ್ಲಿ ಇರುತ್ತದೆ. ಕ್ರೋಮೋಸೋಮಿನ ಸಹಜ ಜೀನ್ ಮನೆಯ ಅಡಿಪಾಯದ ಕಲ್ಲಿದ್ದಂತೆ. ಪ್ಲಾಸ್ಮಿಡ್ಡಿನ ಜೀನ್ ಬಾಗಿಲ ಪಕ್ಕ ತೂಗುಹಾಕಿದ ಕೊಡೆ, ಪಕ್ಕದ ಮನೆಯವರಿಗೆ ಯಾವಾಗ ಬೇಕಾದರೂ ಕೊಟ್ಟುಬಿಡಬಹುದು. ಕರುಳಿನಲ್ಲಿ ಪಕ್ಕದ ಮನೆಗಳಿಗೇನು ಬರವೇ! ಅಲ್ಲಿ ರೋಗ ತರುವವೂ ವಾಸವಾಗಿರುತ್ತವೆ.

ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಕುಟುಂಬದ ಕಥೆ ಇನ್ನೂ ಚಿಕ್ಕದು. ಅದು ಕೋಶದೊಳಗೆ ಹೋಗಲು ಉಸಿರಾಟದ ಎಲೆಕ್ಟ್ರಾನ್ ಸರಪಳಿ ಬೇಕು. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂಗಳಲ್ಲಿ ಅದು ಸರಿಯಾಗಿಲ್ಲ, ಹಾಗಾಗಿ ಔಷಧಿ ಹೊರಗೇ ನಿಲ್ಲುತ್ತದೆ.

ಕೊಡೆ ಕಿತ್ತುಕೊಂಡ ಕಥೆ

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಉದಾಹರಣೆ ಲ್ಯಾಕ್ಟೋಬ್ಯಾಸಿಲಸ್ ರೂಟೆರಿ. (2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಈಗ ಇದರ ಹೆಸರು ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ರೂಟೆರಿ. ನಾಲಿಗೆ ಹೊರಳುವುದಿಲ್ಲ, ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ.) ಪೆರು ದೇಶದ ತಾಯಿಯೊಬ್ಬರ ಎದೆಹಾಲಿನಿಂದ ಬಂದ 'ಎಟಿಸಿಸಿ 55730' ಎಂಬ ತಳಿ ಬಹಳ ಕಾಲ ಪ್ರೋಬಯಾಟಿಕ್ ಆಗಿ ಮಾರಾಟವಾಗುತ್ತಿತ್ತು. ಅದರ ಜೀನೋಮ್ ಓದಿದಾಗ ಎರಡು ಪ್ಲಾಸ್ಮಿಡ್‌ಗಳ ಮೇಲೆ ಪ್ರತಿರೋಧದ ಜೀನ್‌ಗಳು ಸಿಕ್ಕವು. ಒಂದರ ಮೇಲೆ ಟೆಟ್ರಾಸೈಕ್ಲಿನ್ ತಡೆಯುವ ಟೆಟ್-ಡಬ್ಲ್ಯು, ಇನ್ನೊಂದರ ಮೇಲೆ ಲಿಂಕೊಮೈಸಿನ್ ತಡೆಯುವ ಎಲ್‌ಎನ್‌ಯು-ಎ. ಎರಡೂ ಬಾಗಿಲ ಪಕ್ಕದ ಕೊಡೆಗಳೇ.

ಕಂಪನಿ ಬಯೋಗಾಯಾ, ಸ್ವೀಡನ್ನಿನದು. ಅವರು ತಳಿಯನ್ನು ಎಸೆಯಲಿಲ್ಲ. ಕೋಶಗಳ ಗೋಡೆ ಕರಗಿಸಿ ಬೆತ್ತಲೆ ಮಾಡಿದರು, ಇದಕ್ಕೆ ಪ್ರೋಟೋಪ್ಲಾಸ್ಟ್ ಅನ್ನುತ್ತಾರೆ. ಮತ್ತೆ ಗೋಡೆ ಬೆಳೆಸಿಕೊಳ್ಳುವ ಗಡಿಬಿಡಿಯಲ್ಲಿ ಕೆಲವು ಕೋಶಗಳು ಪ್ಲಾಸ್ಮಿಡ್ ಕಳೆದುಕೊಳ್ಳುತ್ತವೆ. ಹಾಗೆ ಕಳೆದುಕೊಂಡವನ್ನು ಹುಡುಕಿ ತೆಗೆದರು. ಜೀನ್ ಸೇರಿಸಿದ್ದೇನೂ ಇಲ್ಲ, ಕಳೆದದ್ದಷ್ಟೇ. ಹೀಗೆ ಸಿಕ್ಕ ಮಗಳು ತಳಿ 'ಡಿಎಸ್‌ಎಂ 17938'. 2008ರಲ್ಲಿ ಈ ಕೆಲಸ ಪ್ರಕಟವಾಯಿತು. ಪಿತ್ತರಸವನ್ನು ತಾಳಿಕೊಳ್ಳುವುದು, ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುವ ರೂಟೆರಿನ್ ತಯಾರಿಸುವುದು ಮುಂತಾದ ತಾಯಿಯ ಗುಣಗಳು ಮಗಳಲ್ಲಿ ಉಳಿದಿದ್ದವು. ಮಗುವಿನ ಹೊಟ್ಟೆನೋವಿಗೆ ಕೊಡುವ ಹನಿಗಳಲ್ಲಿ ಈಗ ಇರುವುದು ಇದೇ ಮಗಳು. ಗಮನಿಸಿ: ವ್ಯಾಂಕೊಮೈಸಿನ್ ಪ್ರತಿರೋಧವನ್ನು ಯಾರೂ ಮುಟ್ಟಲಿಲ್ಲ. ಅಡಿಪಾಯದ ಕಲ್ಲನ್ನು ಯಾರು ಕೀಳುತ್ತಾರೆ?

ಬೇಕೆಂದೇ ಇಟ್ಟ ಪ್ರತಿರೋಧ

ಇದಕ್ಕೆ ತಿರುಗುಮುರುಗು ಎಂಟರೋಜರ್ಮಿನಾ. ಮಕ್ಕಳಿಗೆ ಭೇದಿಯಾದಾಗ ಕೊಡುವ 5 ಎಂಎಲ್‌ನ ಪುಟ್ಟ ಪ್ಲಾಸ್ಟಿಕ್ ಸೀಸೆ ಯಾವ ಮನೆಯಲ್ಲಿಲ್ಲ ಹೇಳಿ. ಅದರಲ್ಲಿ ಬ್ಯಾಸಿಲಸ್ ಕ್ಲಾಸಿಯ 200 ಕೋಟಿ ಸ್ಪೋರ್‌ಗಳಿರುತ್ತವೆ, ನಾಲ್ಕು ತಳಿಗಳು: ಒ/ಸಿ, ಎನ್/ಆರ್, ಸಿನ್, ಟಿ. ಅಕ್ಷರಗಳು ಸುಮ್ನೆ ಇಟ್ಟದ್ದಲ್ಲ. ಒ/ಸಿ ಕ್ಲೋರಾಂಫೆನಿಕಾಲ್ ತಡೆಯುತ್ತದೆ. ಎನ್/ಆರ್ ತಳಿಗೆ ನೊವೊಬಯೋಸಿನ್, ರಿಫಾಂಪಿಸಿನ್ ನಾಟುವುದಿಲ್ಲ. ಸಿನ್‌ಗೆ ಸ್ಟ್ರೆಪ್ಟೊಮೈಸಿನ್, ನಿಯೋಮೈಸಿನ್. ಟಿ ಅಂದರೆ ಟೆಟ್ರಾಸೈಕ್ಲಿನ್. ಆ್ಯಂಟಿಬಯಾಟಿಕ್ ಜೊತೆಗೇ ಕೊಡಬಹುದು ಎನ್ನುವುದೇ ಇದರ ಹೆಗ್ಗಳಿಕೆ. ಒಂದು ಕಡೆ ಪ್ರತಿರೋಧ ತೆಗೆಯಲು ಗೋಡೆ ಕರಗಿಸುತ್ತಾರೆ, ಇನ್ನೊಂದು ಕಡೆ ಅದನ್ನೇ ಆರಿಸಿ ಸೀಸೆಗೆ ತುಂಬುತ್ತಾರೆ!

ವಿಳಾಸದ ಪ್ರಶ್ನೆ ಹಾಕಿದರೆ ಗೊಂದಲ ತಿಳಿಯಾಗುತ್ತದೆ. ಕ್ಲಾಸಿಯ ಪ್ರತಿರೋಧ ಕ್ರೋಮೋಸೋಮಿನಲ್ಲಿದೆ. ಎರಿತ್ರೊಮೈಸಿನ್ ತಡೆಯುವ ಇಆರ್‌ಎಂ-34 ಜೀನನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಿಸಲು ಪ್ರಯೋಗಾಲಯದಲ್ಲಿ ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಆದರೂ ನನ್ನ ಮನಸ್ಸಿಗೆ ಇದು ರೂಟೆರಿಯಷ್ಟು ಹಿತವಾದ ಕಥೆಯಲ್ಲ. ಪ್ರಯೋಗಾಲಯದಲ್ಲಿ ದಾಟಲಿಲ್ಲ ಎಂಬುದು ಒಂದು ಮಾತು, ಎಂದೂ ದಾಟದು ಎಂಬುದು ಇನ್ನೊಂದು.

ನಡುವೆ ನಿಲ್ಲುವವೂ ಇವೆ. ಎಷ್ಟೋ ಯೋಗರ್ಟ್, ಗುಳಿಗೆಗಳಲ್ಲಿರುವ ಬೈಫಿಡೋಬ್ಯಾಕ್ಟೀರಿಯಂ ಅನಿಮಾಲಿಸ್ ಲ್ಯಾಕ್ಟಿಸ್‌ನ ಕ್ರೋಮೋಸೋಮಿನಲ್ಲಿ ಟೆಟ್-ಡಬ್ಲ್ಯು ಇದೆ, ಅದರ ಪಕ್ಕದಲ್ಲೇ ಟ್ರಾನ್ಸ್‌ಪೊಸೇಸ್ (ಡಿಎನ್‌ಎ ತುಂಡನ್ನು ಕಿತ್ತು ಬೇರೆಡೆ ಜಿಗಿಸುವ ಕಿಣ್ವ) ಜೀನ್ ಒಂದು ಕೂತಿದೆ. ಕಲ್ಲು ಅಡಿಪಾಯದಲ್ಲೇ ಇದೆ, ಪಕ್ಕದಲ್ಲಿ ಹಾರೆಯೂ ಇದೆ ಅಂದ ಹಾಗೆ.

ಅಳೆಯುವುದು ಹೇಗೆ

ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಔಷಧಿಯ ಪ್ರಮಾಣವೇ ಎಂಐಸಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಂದೊಂದು ಗುಂಪಿಗೂ ಎಂಐಸಿಯ ಗಡಿ ಹಾಕಿದೆ. ಗಡಿ ದಾಟಿದರೆ ಜೀನೋಮ್ ಓದಿ ಕಾರಣ ತೋರಿಸಬೇಕು. ನಮ್ಮಲ್ಲಿ ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) 2011ರಲ್ಲಿ ತಂದ ಮಾರ್ಗಸೂಚಿಯೂ ಪ್ರತಿರೋಧದ ಪರೀಕ್ಷೆ ಕೇಳುತ್ತದೆ. ಪ್ರಾಕ್ಟಿಕಲ್ ಮಾಡುವವರಿಗೊಂದು ಮಾತು: ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಮ್ಯುಲರ್-ಹಿಂಟನ್ ಅಗಾರಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಸರಿಯಾಗಿ ಬೆಳೆಯುವುದಿಲ್ಲ. ಎಂಆರ್‌ಎಸ್ ಎಂಬ ಮಾಧ್ಯಮದಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆದರೆ ಅದರ ಹುಳಿ ಜೆಂಟಾಮೈಸಿನ್ ಕುಟುಂಬದ ಬಲ ಕುಗ್ಗಿಸುತ್ತದೆ. ಅದಕ್ಕೇ 90 ಭಾಗ ಐಸೊ-ಸೆನ್ಸಿಟೆಸ್ಟ್ ಎಂಬ ಇನ್ನೊಂದು ಮಾಧ್ಯಮ, 10 ಭಾಗ ಎಂಆರ್‌ಎಸ್ ಬೆರೆಸಿದ ಎಲ್‌ಎಸ್‌ಎಂ ಮಾಧ್ಯಮ ಬಂದದ್ದು.

ಬಾಸ್ಟನ್ನಿನ ಐಸಿಯು

2019ರಲ್ಲಿ ಪ್ರಕಟವಾದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಅಧ್ಯಯನ ಇದಕ್ಕೆಲ್ಲ ಇನ್ನೊಂದು ತಿರುವು ಕೊಡುತ್ತದೆ. ಐಸಿಯುವಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಪಡೆದ 522 ರೋಗಿಗಳಲ್ಲಿ 6 ಮಂದಿಯ ರಕ್ತದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಸಿಕ್ಕಿತು. ಪಡೆಯದ 21,652 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಜೀನೋಮ್ ಹೋಲಿಸಿದರೆ ರಕ್ತದಲ್ಲಿದ್ದದ್ದು ಕ್ಯಾಪ್ಸೂಲಿನದೇ ತಳಿ. ಅದರಲ್ಲೂ ಒಂದು, ಆರ್‌ಎನ್‌ಎ ಪಾಲಿಮರೇಸ್‌ನ ಜೀನ್ ಬದಲಾಗಿ ರಿಫಾಂಪಿಸಿನ್‌ಗೆ ಬಗ್ಗದಂತಾಗಿತ್ತು. ಕ್ಯಾಪ್ಸೂಲಿನಲ್ಲಿ ಇಲ್ಲದ ಪ್ರತಿರೋಧ ರೋಗಿಯ ಮೈಯಲ್ಲಿ ಹುಟ್ಟಿಕೊಂಡಿತ್ತು. ಇವರು ತೀವ್ರ ಕಾಯಿಲೆಯ ರೋಗಿಗಳು, ಆರೋಗ್ಯವಂತರಿಗೆ ಈ ಲೆಕ್ಕ ಹಾಕಬೇಡಿ.

ಕೊನೆಗೊಂದು ಅಭ್ಯಾಸ. ಮನೆಯಲ್ಲಿರುವ ಪ್ರೋಬಯಾಟಿಕ್ ಡಬ್ಬಿ ತಿರುಗಿಸಿ ನೋಡಿ. 'ಲ್ಯಾಕ್ಟೋಬ್ಯಾಸಿಲಸ್ ರೂಟೆರಿ' ಅಂತಷ್ಟೇ ಇದ್ದರೆ ಅದು ತಾಯಿಯೋ ಮಗಳೋ ಹೇಳಲಾಗುವುದಿಲ್ಲ. ಪಕ್ಕದಲ್ಲಿ ತಳಿಯ ಸಂಖ್ಯೆ ಇದೆಯಾ?