ಕೇಪಿನ ಕೋವಿಯಲ್ಲಿ ಮೊದಲು ಸವೆಯುವುದು ನಿಪ್ಪಲ್

ಟ್ರಿಗರ್ ಎಳೆದರೆ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬೀಳುತ್ತದೆ, ಕೇಪು ಸಿಡಿಯುವುದಿಲ್ಲ. ಕುದುರೆಯನ್ನು ಮತ್ತೆ ಹಿಂದಕ್ಕೆಳೆದು ಬಿಟ್ಟರೆ ಅದೇ ಕೇಪು ಸಿಡಿಯುತ್ತದೆ. ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಕೇಪಿನ ಕೋವಿ ಇರುವ ಮನೆಗಳಲ್ಲಿ ಇದು ಸಾಮಾನ್ಯ ದೂರು. ಕೇಪು ಥಂಡಿ ಹಿಡಿದಿದೆ ಎಂದುಕೊಂಡು ಹೊಸ ಡಬ್ಬಿ ತರುತ್ತಾರೆ, ದೂರು ಹಾಗೆಯೇ ಉಳಿಯುತ್ತದೆ. ತಪ್ಪು ಬಹಳ ಸಲ ಕೇಪಿನದಲ್ಲ, ಅದು ಕೂರುವ ನಿಪ್ಪಲ್‌ನದು, ಎಂದರೆ ನಳಿಗೆಯ ಹಿಂಭಾಗಕ್ಕೆ ತಿರುಗಿಸಿ ಕೂರಿಸಿದ ತೂತಿನ ಪುಟ್ಟ ಕೊಳವೆಯದು.

ಕೇಪು ಎಂದರೆ ತೆಳು ತಾಮ್ರದ ಪುಟ್ಟ ಬಟ್ಟಲು, ಅದರ ತಳಕ್ಕೆ ಅಂಟಿಸಿದ ಸ್ಫೋಟಕದ ಒಂದು ಚುಕ್ಕೆ. ಕುದುರೆ ಮತ್ತು ನಿಪ್ಪಲ್ ತುದಿಯ ನಡುವೆ ಸಿಕ್ಕಿ ಜಜ್ಜಿದಾಗ ಮಾತ್ರ ಆ ಚುಕ್ಕೆ ಹೊತ್ತಿಕೊಳ್ಳುತ್ತದೆ. ಕುದುರೆ ಸುತ್ತಿಗೆಯಾದರೆ ನಿಪ್ಪಲ್ ಅಡಿಗಲ್ಲು. ವರ್ಷಗಟ್ಟಲೆ ಏಟು ತಿಂದ ಉಳಿಯ ತಲೆ ಅಣಬೆಯಂತೆ ಅರಳುತ್ತದಲ್ಲ, ನಿಪ್ಪಲ್ ತುದಿಯೂ ಹಾಗೆಯೇ ಅರಳುತ್ತದೆ. ಆಗ ಕೇಪು ತಳದವರೆಗೆ ಇಳಿಯದೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಮೊದಲ ಏಟಿನ ಬಲವೆಲ್ಲ ಕೇಪನ್ನು ಕೆಳಕ್ಕೆ ದೂಡುವುದಕ್ಕೇ ಹೋಗಿ, ಎರಡನೆಯ ಏಟಿಗೆ ಅದು ಸಿಡಿಯುತ್ತದೆ. ಖಾಲಿ ಕೋವಿಯ ಕುದುರೆಯನ್ನು ಸುಮ್ಮನೆ ಬೀಳಿಸಿ ನೋಡುವ ಅಭ್ಯಾಸ ಈ ಹಾನಿಯನ್ನು ಬೇಗ ತರುತ್ತದೆ. ನೋಡಲೇಬೇಕಾದರೆ ನಡುವೆ ಒಂದು ತುಂಡು ದಪ್ಪ ಚರ್ಮ ಇಡಿ.

ಈಡು (ಮದ್ದು ಮತ್ತು ಗುಂಡು) ತುಂಬಿದ ಕೋವಿಯಲ್ಲಿ ಕೇಪು ಸಿಡಿಯದಿದ್ದರೆ ನಳಿಗೆಯ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಒಳಗೆ ಕಿಡಿ ಹೊಗೆಯಾಡುತ್ತಿದ್ದು ತಡವಾಗಿ ಈಡು ಹಾರುವುದುಂಟು.

ಇನ್ನೊಂದು ಸವೆತ ಹೊರಗೆ ಕಾಣುವುದಿಲ್ಲ, ಆದರೆ ಹೆಚ್ಚು ಅಪಾಯದ್ದು ಅದೇ. ಹೊಸ ನಿಪ್ಪಲ್‌ನ ತಳದ ತೂತು ಸುಮಾರು 0.7ರಿಂದ 0.8 ಮಿ.ಮೀ. ಇರುತ್ತದೆ. ಪ್ರತಿ ಈಡಿನಲ್ಲೂ ಬಿಸಿ ಅನಿಲ ಆ ಕಿರಿದಾದ ದಾರಿಯಲ್ಲಿ ಹಿಮ್ಮುಖವಾಗಿ ನುಗ್ಗಿ ಲೋಹವನ್ನು ಕೊರೆಯುತ್ತದೆ. ತೂತು 0.75ರಿಂದ 1 ಮಿ.ಮೀ.ಗೆ ಹಿಗ್ಗಿದರೆ ಹೆಚ್ಚಿದ್ದು ಕಾಲು ಮಿಲಿಮೀಟರ್ ಮಾತ್ರ, ಆದರೆ ಅದರ ವಿಸ್ತೀರ್ಣ ಸುಮಾರು 1.8 ಪಟ್ಟಾಗುತ್ತದೆ. ಹಿಂದಕ್ಕೆ ಬರುವ ಅನಿಲವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಕೇಪು ಚೂರುಚೂರಾಗಿ ಕೆನ್ನೆಗೆ ಸಿಡಿಯುವುದು, ಈಡು ಹಾರಿದ ಮೇಲೆ ಕುದುರೆ ತಾನಾಗಿ ಅರ್ಧಕ್ಕೆ ಹಿಂದೆ ಸರಿದು ನಿಂತಿರುವುದು, ಇವೆರಡೂ ಅದರ ಗುರುತು. ಅಳೆಯಲು 1 ಮಿ.ಮೀ. ಡ್ರಿಲ್ ಬಿಟ್ಟಿನ ನಯವಾದ ಹಿಂಬದಿ ಸಾಕು. ಅದು ತಳದ ತೂತಿನೊಳಗೆ ಹೋದರೆ ನಿಪ್ಪಲ್ ಬದಲಿಸಿ.

ಬಿಚ್ಚುವ ಮೊದಲು ಕೋವಿ ಖಾಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಗಜದ ಕೋಲನ್ನು (ಈಡನ್ನು ಒಳಕ್ಕೆ ತಳ್ಳುವ ಕೋಲು) ನಳಿಗೆಯೊಳಗೆ ಬಿಟ್ಟು, ಬಾಯಿಯ ಮಟ್ಟದಲ್ಲಿ ಬೆರಳಿಟ್ಟು ಹೊರತೆಗೆದು, ಹೊರಗಡೆ ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಕೋಲಿನ ತುದಿ ನಿಪ್ಪಲ್‌ನ ಹತ್ತಿರಕ್ಕೆ ಬರಬೇಕು. ಮೂರು ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಈಡಿದೆ ಎಂದರ್ಥ. ಅಜ್ಜನ ಕಾಲದಿಂದ ಮೂಲೆಯಲ್ಲಿದ್ದ ಕೋವಿಗಳ ವಿಷಯದಲ್ಲಿ ಈ ಪರೀಕ್ಷೆ ತಪ್ಪಿಸಬಾರದು. ಕರಿಮದ್ದು (ಈಡಿನ ಕಪ್ಪು ಸಿಡಿಮದ್ದು) ಒಣಗಿಯೇ ಉಳಿದಿದ್ದರೆ ಎಷ್ಟೋ ವರ್ಷದ ನಂತರವೂ ಹೊತ್ತಿಕೊಳ್ಳುತ್ತದೆ.

ನಿಪ್ಪಲ್ ಬಿಗಿದುಕೊಂಡಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಅದಕ್ಕೆಂದೇ ಮಾಡಿದ ಕೀಲಿಯನ್ನೇ ಬಳಸಿ. ಇಕ್ಕಳ ಹಾಕಿದರೆ ನಿಪ್ಪಲ್‌ನ ಚಪ್ಪಟೆ ಬದಿಗಳು ದುಂಡಗಾಗಿ ಕೆಲಸ ಕೈಬಿಟ್ಟು ಹೋಗುತ್ತದೆ. ಹೊಸದನ್ನು ಕೂರಿಸುವಾಗ ಥ್ರೆಡ್ಡಿನ ಲೆಕ್ಕ ನೋಡಿ. ಅಮೆರಿಕದ ಕೋವಿಗಳಲ್ಲಿ ಕಾಲು ಇಂಚು ವ್ಯಾಸ, ಇಂಚಿಗೆ 28 ಸುತ್ತಿನ ಥ್ರೆಡ್ ಸಾಮಾನ್ಯ. ಯುರೋಪಿನವುಗಳಲ್ಲಿ 6 ಮಿ.ಮೀ. ವ್ಯಾಸ, ಸುತ್ತಿಗೆ 0.75 ಅಥವಾ 1 ಮಿ.ಮೀ. ಕಣ್ಣಿಗೆ ಎಲ್ಲವೂ ಒಂದೇ. ಆದರೆ 28ರ ಥ್ರೆಡ್ ಸುತ್ತಿಗೆ 0.907 ಮಿ.ಮೀ. ಮುಂದೆ ಹೋಗುತ್ತದೆ, 1ರದು ಪೂರ್ತಿ ಒಂದು ಮಿಲಿಮೀಟರ್. ನಾಲ್ಕು ಸುತ್ತಿಗೆ 0.37 ಮಿ.ಮೀ. ವ್ಯತ್ಯಾಸ. 6 ಮಿ.ಮೀ. ನಿಪ್ಪಲ್ ಕಾಲು ಇಂಚಿನ ತೂತಿನಲ್ಲಿ ಕೂತಂತೆ ಕಂಡರೂ ಒಂದೆರಡು ಹಲ್ಲಿನ ಆಸರೆಯಲ್ಲಿ ನಿಂತಿರುತ್ತದೆ. ಅದು ಕಿತ್ತು ಹಾರಿದರೆ ಮುಖಕ್ಕೇ ಬಡಿಯುತ್ತದೆ. ಹಳೆಯ ಕೈಕೆಲಸದ ಕೋವಿಗೆ ಥ್ರೆಡ್ ಗೇಜಿನಿಂದ ಅಳೆಸಿ, ಅದೇ ಅಳತೆಯದನ್ನು ಲೇತಿನಲ್ಲಿ ಕಡೆಸುವುದೇ ಸರಿ. ಅದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ರಿಪೇರಿಗೂ ಲೈಸೆನ್ಸ್ ಕೇಳುತ್ತದೆ. ಥ್ರೆಡ್ಡಿಗೆ ತುಸು ಗ್ರೀಸ್ ಸವರಿ ಕೈಯಲ್ಲೇ ತಿರುಗಿಸಿ, ಕೊನೆಯ ಬಿಗಿತಕ್ಕೆ ಮಾತ್ರ ಕೀಲಿ ಹಾಕಬೇಕು.

ಇಷ್ಟಾದರೂ ಕೋವಿಯನ್ನು ನಿಜವಾಗಿ ತಿನ್ನುವುದು ಏಟಲ್ಲ, ಉಪ್ಪು. ಕರಿಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. 1870ರ ದಶಕದಲ್ಲಿ ನೋಬಲ್ ಮತ್ತು ಏಬೆಲ್ ಎಂಬ ಬ್ರಿಟನ್ನಿನ ಇಬ್ಬರು ಸಂಶೋಧಕರು (ಡೈನಮೈಟಿನ ನೊಬೆಲ್ ಬೇರೆ) ಮುಚ್ಚಿದ ಪಾತ್ರೆಯಲ್ಲಿ ಉರಿಸಿ ತೂಗಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಘನವಾಗಿಯೇ ಉಳಿದಿತ್ತು. ಅದರಲ್ಲಿ ಮುಖ್ಯವಾದವು ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡ್. ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವಾಂಶ ಶೇ. 43 ದಾಟಿದರೆ ಸಾಕು, ನೀರು ಹೀರಿ ಒದ್ದೆಯಾಗುತ್ತದೆ. ಮಡಿಕೇರಿಯ ಆಷಾಢದಲ್ಲಿ, ಆಗುಂಬೆಯ ಶ್ರಾವಣದಲ್ಲಿ ತೇವಾಂಶ ಅಷ್ಟಕ್ಕೆ ಇಳಿಯುವ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ಒಂದು ಈಡು ಹೊಡೆದು ತೊಳೆಯದೆ ಇಟ್ಟರೆ ಬೆಳಗಿನೊಳಗೆ ಉಪ್ಪುನೀರಿನ ಪದರ ನಳಿಗೆಯ ಒಳಗೆ ಹರಡಿರುತ್ತದೆ.

ಈ ಉಪ್ಪುಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕೊಳೆಯ ಮೇಲೆಯೇ ಎಣ್ಣೆ ಸುರಿಯುವುದು ದೊಡ್ಡ ತಪ್ಪು. ಅದು ಉಪ್ಪನ್ನು ಮುಚ್ಚಿಡುತ್ತದೆ, ಅಡಿಯಲ್ಲಿ ತುಕ್ಕು ನಡೆದೇ ಇರುತ್ತದೆ. ನಳಿಗೆಯನ್ನು ಮರದಿಂದ ಬಿಡಿಸಿ, ಹಿಂಭಾಗವನ್ನು ಸೋಪು ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಬಾಯಿಯಿಂದ ಗಜಕ್ಕೆ ಸುತ್ತಿದ ಹತ್ತಿಬಟ್ಟೆ ಇಳಿಸಿ ಎಳೆಯಿರಿ. ಸೈಕಲ್ ಪಂಪಿನಂತೆ ನೀರು ನಿಪ್ಪಲ್ ತೂತಿನಿಂದ ಒಳಗೆ ಏರುತ್ತದೆ, ತಳ್ಳಿದರೆ ಕಪ್ಪಾಗಿ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಸಲ್ಫೈಡ್ ನೀರಿನೊಡನೆ ಸೇರಿ ಹೊರಬಿಟ್ಟ ಅನಿಲ. ಮೂರು ಸಲ ನೀರು ಬದಲಿಸಿ. ಕೊನೆಯ ನೀರು ಕೈ ಸುಡುವಷ್ಟು ಬಿಸಿಯಿರಲಿ, ಲೋಹ ಕಾದರೆ ಬೇಗ ಒಣಗುತ್ತದೆ. ಒಣಬಟ್ಟೆ ಸ್ವಚ್ಛವಾಗಿ ಬಂದ ಮೇಲಷ್ಟೇ ತೆಳುವಾಗಿ ಎಣ್ಣೆ. ಮರುದಿನ ಮತ್ತೊಂದು ಬಿಳಿಬಟ್ಟೆ ಹಾಯಿಸಿ. ಕಂದು ಬಣ್ಣ ಹತ್ತಿದರೆ ತೊಳೆದದ್ದು ಸಾಲದು.

ಕುದುರೆಯನ್ನೂ ಟ್ರಿಗರನ್ನೂ ಜೋಡಿಸುವ ಲಾಕಿನೊಳಗೆ ಮನೆಯಲ್ಲಿ ಮಾಡಬಹುದಾದದ್ದು ಪರೀಕ್ಷೆ ಮಾತ್ರ. ಖಾಲಿ ಕೋವಿಯ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಹೆಬ್ಬೆರಳಲ್ಲಿ ಹಿಡಿದುಕೊಂಡೇ ಟ್ರಿಗರ್ ಒತ್ತಿ ನೋಡಿ. ಜಾರಿದರೆ ಕುದುರೆಯನ್ನು ಹಿಡಿದು ನಿಲ್ಲಿಸುವ ಒಳಗಿನ ಕಚ್ಚು ಸವೆದಿದೆ. ಅದನ್ನು ಅರದಿಂದ ಚೂಪು ಮಾಡಿಸಬೇಡಿ. ಅಂಥ ಬಿಡಿಭಾಗಗಳಲ್ಲಿ ಸಾಮಾನ್ಯವಾಗಿ ಗಟ್ಟಿ ಮಾಡಿರುವುದು ಹೊರಪದರ ಮಾತ್ರ, ಅರ ಅದನ್ನು ಕೆರೆದು ಮೆತ್ತನೆಯ ಕಬ್ಬಿಣಕ್ಕೆ ಇಳಿಯುತ್ತದೆ. ಬಿಡಿಭಾಗವನ್ನೇ ಬದಲಿಸಬೇಕು. ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಬಾಗಿದ ಜಾಗದಲ್ಲಿ, ಅಲ್ಲೊಂದು ತುಕ್ಕಿನ ಚುಕ್ಕೆಯಿದ್ದರೆ ಎಳೆತವೆಲ್ಲ ಅದರ ಸುತ್ತ ಸೇರಿ ಬಿರುಕು ಹುಟ್ಟುತ್ತದೆ.

ಗಜದ ಮರದ ಎಳೆ ಓರೆಯಾಗಿದ್ದರೆ ಎಸೆದುಬಿಡಿ. ಅದು ಈಟಿಯ ಮೊನೆಯಂತೆ ಸೀಳಿ ಅಂಗೈಗೆ ಹೊಕ್ಕುತ್ತದೆ. ಒಂದು ಗೇಣಿಗಿಂತ ಹೆಚ್ಚು ಉದ್ದ ಬಿಟ್ಟು ಹಿಡಿದು ತಳ್ಳಬೇಡಿ. ಹೊಗೆಯಿಲ್ಲದ ಆಧುನಿಕ ಮದ್ದನ್ನು ಈ ಕೋವಿಗಳಿಗೆ ಚಿಟಿಕೆಯಷ್ಟೂ ಹಾಕಬಾರದು, ಅದರ ಒತ್ತಡಕ್ಕೆ ನಳಿಗೆ ಒಡೆಯುತ್ತದೆ.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬಕ್ಕೆ ಕೋವಿಗಳನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ. ವರ್ಷದ ತಪಾಸಣೆಗೆ ಅದಕ್ಕಿಂತ ಒಳ್ಳೆಯ ದಿನ ಸಿಗದು. ಪೂಜೆ ಮುಗಿದ ಸಂಜೆಯೇ ಹೂವನ್ನು ತೆಗೆದು, ಅದರ ಹಸಿ ದಂಟು ತಾಗಿದ್ದ ಬಾಯಿಯ ಒಳ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಎಣ್ಣೆ ಸವರಿ ಇಡಿ.