ಡೆಮ್ಲೊ ಸಂಖ್ಯೆ: 12345678987654321

ಬರಿಯ 1 ಎಂಬ ಅಂಕಿಯನ್ನೇ ಸಾಲಾಗಿ ಬರೆದು, ಹಾಗೆ ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಸಿಗುವ 1, 121, 12321, 1234321 ಮುಂತಾದ ವರ್ಗಸಂಖ್ಯೆಗಳನ್ನು ‘ಅದ್ಭುತ ಡೆಮ್ಲೊ ಸಂಖ್ಯೆ’ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಒಂಬತ್ತನೆಯದು, ಅಂದರೆ 111111111ರ ವರ್ಗವು, 12345678987654321. ನಮ್ಮ ಎಣಿಕೆಯಲ್ಲಿ 123 ಕೋಟಿ ಕೋಟಿಯನ್ನೂ ಮೀರುವ ಈ ಹದಿನೇಳಂಕಿಯ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಚಿತ್ರಕಾವ್ಯದ ಮಾತಿನಲ್ಲಿ ಹೇಳುವುದಾದರೆ ಇದು ಗತಪ್ರತ್ಯಾಗತ.

ಹೆಸರಿಟ್ಟವರು ದ. ರಾ. ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರಿಗೆ ಈ ಸಂಖ್ಯೆಗಳ ಯೋಚನೆ ಹೊಳೆದದ್ದು ಮುಂಬಯಿಯಿಂದ ಸುಮಾರು 30 ಮೈಲಿ ದೂರದ, ಅಂದಿನ ಜಿ.ಐ.ಪಿ. ರೈಲ್ವೆಯ ಡೆಮ್ಲೊ ನಿಲ್ದಾಣದಲ್ಲಿ. ಅದೇ ಇಂದಿನ ಡೊಂಬಿವಲಿ. ಈಗ ಅಲ್ಲಿ ಬೆಳಗಿನ ಲೋಕಲ್ ಹತ್ತುವ ನಮ್ಮ ಕನ್ನಡಿಗರಿಗೆ, ಲೆಕ್ಕ ಹಾಗಿರಲಿ, ನೆಟ್ಟಗೆ ನಿಲ್ಲಲೂ ಎಡೆ ಸಿಗುವುದಿಲ್ಲವೆಂಬುದು ಬೇರೆ ಮಾತು.

ಅಂಕಿಗಳು ಹೀಗೆ ಏರಿ ಇಳಿಯುವುದೇಕೆ ಎಂಬುದು ಗುಣಾಕಾರವನ್ನು ಕಾಗದದ ಮೇಲೆ ಮಾಡಿ ನೋಡಿದರೆ ತಾನೇ ತಿಳಿಯುತ್ತದೆ. ಒಂಬತ್ತು ಒಂದುಗಳ ಒಂಬತ್ತು ಸಾಲುಗಳು, ಪ್ರತಿಯೊಂದೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದು, ಒಂದರ ಕೆಳಗೊಂದು ಬರುತ್ತವೆ. ಬಿಡಿಸ್ಥಾನದಲ್ಲಿ ಒಂದೇ 1, ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು, ನಟ್ಟನಡುವೆ ಒಂಬತ್ತು. ಅಲ್ಲಿಂದಾಚೆ ಮತ್ತೆ ಒಂದೊಂದಾಗಿ ಇಳಿಕೆ. ಯಾವ ಸ್ಥಾನದ ಮೊತ್ತವೂ 9ನ್ನು ಮೀರದ ಕಾರಣ ದಶಕ ಎತ್ತಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ ಬರುವ 81, ಆ ಸಾಲುಗಳಲ್ಲಿರುವ ಒಂದುಗಳ ಎಣಿಕೆಯೇ ಆಗಿರುತ್ತದೆ.

ಹತ್ತು ಒಂದುಗಳನ್ನು ತೆಗೆದುಕೊಂಡರೆ ಕಟ್ಟು ಸಡಿಲಗೊಳ್ಳುತ್ತದೆ. ನಡುವಿನ ಮೊತ್ತ 10 ಆಗಿ, ಅದರ ದಶಕ ಎಡಗಡೆಯ 9ನ್ನೂ 10 ಮಾಡಿ, ಆ ದಶಕ ಮುಂದಿನ 8ನ್ನು 9 ಮಾಡುವುದರಿಂದ 1234567900987654321 ಬರುತ್ತದೆ; ಎಡಭಾಗದ 8 ಮಾಯ. ಒಂದೊಂದು ದಶಕಕ್ಕೂ ಅಂಕಿಗಳ ಮೊತ್ತದಲ್ಲಿ 9 ಕಳೆಯುವುದರಿಂದ, 100 ಇರಬೇಕಾದ ಮೊತ್ತ 82ಕ್ಕೆ ಇಳಿಯುತ್ತದೆ.

ನನಗೆ ಇದಕ್ಕಿಂತಲೂ ಸೊಗಸೆನಿಸುವುದು ಒಂಬತ್ತನೆಯ ಸಂಖ್ಯೆಯ ಒಳರಚನೆ. 111111111 ಎಂದರೆ 12345679ರ ಒಂಬತ್ತು ಪಟ್ಟು, ಇಲ್ಲಿಯೂ 8 ಇಲ್ಲ. ಆದ್ದರಿಂದ 12345678987654321 ತನ್ನ ಅಂಕಿಗಳ ಮೊತ್ತವಾದ 81ರಿಂದಲೇ ಶೇಷವಿಲ್ಲದೆ ಭಾಗವಾಗುತ್ತದೆ; ಭಾಗಲಬ್ಧ 12345679ರ ವರ್ಗ. ಇಷ್ಟು ದೊಡ್ಡ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಮಾತ್ರ 3, 37, 333667 ಎಂಬ ಮೂರೇ.

ಹೆಸರು ಇಪ್ಪತ್ತನೆಯ ಶತಮಾನದ್ದಾದರೂ ಇಂಥ ಸಂಖ್ಯೆ ಕನ್ನಡ ನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕ ಕೊಟ್ಟು, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ 12345654321ನ್ನು ಉತ್ತರವಾಗಿ ಪಡೆಯುತ್ತಾರೆ. ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. ಅವೆರಡರ ಮೂಲಗಳನ್ನು ಗುಣಿಸಿದರೆ 111111.