ಕಡತ ತೆರೆಯಿತು, ಕನ್ನಡ ತೆರೆಯಲಿಲ್ಲ

ಇಪ್ಪತ್ತು ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದ ಅಂದಿನ ಫಾಂಟಿನಲ್ಲಿ ಟೈಪ್ ಮಾಡಿಟ್ಟ ವರ್ಡ್ ಕಡತವನ್ನು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ, ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದ ಮೂಲಕ ಇಂದು ತೆರೆದು ನೋಡಿ. ಅಂಚು, ಕೋಷ್ಟಕ, ಪ್ಯಾರಾಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತವೆ, ಆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕಡತವನ್ನು ಉಳಿಸಿಡುವ ನಮೂನೆ ಮತ್ತು ಒಂದೊಂದು ಅಕ್ಷರಕ್ಕೂ ಕಂಪ್ಯೂಟರ್ ಬಳಸುವ ಸಂಕೇತ ಎರಡು ಬೇರೆ ಬೇರೆ ಸಮಸ್ಯೆಗಳು ಎಂಬುದು ಅಲ್ಲಿ ಕಣ್ಣಿಗೆ ಬೀಳುತ್ತದೆ.

ಮೊದಲನೆಯದು ಜಗತ್ತಿನ ಸಮಸ್ಯೆ. ವರ್ಡ್‌ನ ಹಳೆಯ ಡಾಕ್ ನಮೂನೆಯ ಒಳರಚನೆ ಬಹುಕಾಲ ಮುಕ್ತವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಓಪನ್ ಆಫೀಸ್‌ನಂಥ ತಂತ್ರಾಂಶಗಳನ್ನು ಕಟ್ಟಿದವರು ಅದನ್ನು ಬಿಡಿಸಿ ಬಿಡಿಸಿ ನೋಡಿಯೇ ಅರಿಯಬೇಕಾಯಿತು. 2006ರಲ್ಲಿ ಓಪನ್ ಡಾಕ್ಯುಮೆಂಟ್ ಎಂಬ ಮುಕ್ತ ನಮೂನೆ (ಓಡಿಟಿ ಕಡತಗಳದ್ದು ಇದೇ) ಅಂತರರಾಷ್ಟ್ರೀಯ ಮಾನಕವಾಯಿತು. 2008ರಲ್ಲಿ ಮೈಕ್ರೋಸಾಫ್ಟ್ ಹಳೆಯ ನಮೂನೆಗಳ ವಿವರಣೆಯನ್ನು ಪ್ರಕಟಿಸಿತು, ಅದೇ ವರ್ಷ ಅದರ ಹೊಸ ನಮೂನೆಯೂ (ವರ್ಡ್‌ನಲ್ಲಿ ಡಾಕ್ಸ್), ಭಾರತದ ವಿರೋಧ ಮತದ ನಡುವೆಯೇ, ಮಾನಕವೆಂದು ಅಂಗೀಕಾರ ಪಡೆಯಿತು.

ನಮ್ಮ ತೊಡಕು ಎರಡನೆಯದು. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ ಮಾನಕದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತ್ತಾದರೂ ವಿಂಡೋಸ್ ಅದನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಅದನ್ನು ಕಲಿಯಲೇ ಇಲ್ಲ. ಹೀಗಾಗಿ ಅಂದಿನ ಫಾಂಟುಗಳು ಕನ್ನಡ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ನುಡಿಯಲ್ಲಿ ‘ಕ’ ಎಂದರೆ ಇಂಗ್ಲಿಷಿನ ‘ಪಿ’ಯ ಜಾಗದಲ್ಲಿರುವ ಒಡಲು ಮತ್ತು ಬೇರೊಂದು ಜಾಗದಲ್ಲಿರುವ ತಲೆಕಟ್ಟು. ಕಂಪ್ಯೂಟರಿನ ಲೆಕ್ಕದಲ್ಲಿ ಆ ಕಡತದಲ್ಲಿ ಕನ್ನಡ ಎಂದೂ ಇರಲಿಲ್ಲ. ಅಂದು ಬೇರೆ ದಾರಿಯಿಲ್ಲದೆ ಕಂಡುಕೊಂಡ ಆ ಉಪಾಯದಿಂದಲೇ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಕನ್ನಡದ ಕೆಲಸ ನಡೆಯಿತು ಎಂಬುದನ್ನು ಮಾತ್ರ ಮರೆಯಬಾರದು.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. ‘ಕರ್ನಾಟಕ’ದ ಅರ್ಕಾವತ್ತು ಹಳೆಯ ಕಡತದಲ್ಲಿ, ಕಣ್ಣಿಗೆ ಕಾಣುವಂತೆಯೇ, ‘ನಾ’ದ ನಂತರ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಆ ‘ರ್’ ಮೊದಲು ಬರಬೇಕು. ಇದಕ್ಕಿಂತ ದೊಡ್ಡ ಅಪಾಯ ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳದ್ದು: ಬರಿಯ ಪಠ್ಯವನ್ನು ನಕಲಿಸಿ ಪರಿವರ್ತಕಕ್ಕೆ ಹಾಕಿದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ, ಏಕೆಂದರೆ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂಬುದನ್ನು ಹೇಳುವುದು ಫಾಂಟಿನ ಹೆಸರು ಮಾತ್ರ, ನಕಲಿಸುವಾಗ ಕಳೆದುಹೋಗುವುದೂ ಅದೇ. ಆದ್ದರಿಂದ ಮೊದಲು ಡಾಕ್ ಕಡತವನ್ನು ಡಾಕ್ಸ್ ಅಥವಾ ಓಡಿಟಿಯಾಗಿ ಉಳಿಸಿಕೊಂಡು, ಅದರೊಳಗೆ ಪ್ರತಿ ತುಣುಕಿನ ಜೊತೆಗೂ ದಾಖಲಾಗಿರುವ ಫಾಂಟಿನ ಹೆಸರನ್ನು ಓದಿಕೊಂಡೇ ಪರಿವರ್ತಿಸುವ ಸಾಧನವನ್ನು ಬಳಸುವುದು ಮೇಲು. ಆ ಬಳಿಕವೂ ಒತ್ತಕ್ಷರಗಳನ್ನು ಮನುಷ್ಯರ ಕಣ್ಣೇ ತಿದ್ದಬೇಕು, ಮೂಲ ಕಡತವನ್ನು ಅಳಿಸದೆ ಇಡಬೇಕು.